ಸೊನ್ನೆ ನಿಮಿಷಕ್ಕೊಮ್ಮೆ

ಬೆಳಿಗ್ಗೆ ಆರೂಕಾಲಿಗೆ ಫೋನ್ ಬಂತು. ಕ್ಲೈಂಟ್ ಕಂಪನಿಯಲ್ಲಿ ಸಪೋರ್ಟ್ ನೋಡಿಕೊಳ್ಳುವವರು.

"ನಿನ್ನೆ ಅಪ್‌ಡೇಟ್ ಬಿಟ್ಟ ಮೇಲೆ ಫೋನೆಲ್ಲ ದೋಸೆ ಕಾವಲಿ ಥರ ಕಾಯ್ತಿದೆಯಂತೆ. ಹಾಲು ಅಳೆದು ಮುಗಿಸೋದರೊಳಗೆ ಬ್ಯಾಟರಿ ಅರ್ಧ ಖಾಲಿ."

ನಾನಿನ್ನೂ ಹಾಸಿಗೆಯಲ್ಲಿದ್ದೆ. "ಬಿಸಿಲಲ್ಲಿ ಇಟ್ಟಿರಬಹುದು" ಅಂದೆ.

"ಆರು ಗಂಟೆಗೆ ಎಲ್ಲಿಯ ಬಿಸಿಲು?"

ಎದ್ದು ಲ್ಯಾಪ್‌ಟಾಪ್ ತೆಗೆದೆ. ಸರ್ವರ್ ಲಾಗ್ ನೋಡಿದರೆ ಒಂದೊಂದು ಫೋನಿನಿಂದಲೂ ಸೆಕೆಂಡಿಗೆ ಹಲವು ರಿಕ್ವೆಸ್ಟ್ ಬರುತ್ತಿವೆ. ಬರಬೇಕಾದದ್ದು 30 ನಿಮಿಷಕ್ಕೊಂದು. ಇದು 2022ರ ಮಾತು. ಅವರ ಆ್ಯಪ್ ಒಳಗಿದ್ದ ನಮ್ಮ ಎಸ್‌ಡಿಕೆ (ಬೇರೆ ಆ್ಯಪ್‌ಗಳಿಗೆ ಸೇರಿಸುವ ಸಿದ್ಧ ಕೋಡ್) ಆ ಬೆಳಿಗ್ಗೆ ಸೊನ್ನೆ ನಿಮಿಷಕ್ಕೊಮ್ಮೆ ಸಿಂಕ್ ಮಾಡುತ್ತಿತ್ತು, ಅಂದರೆ ಸರ್ವರ್ ಜೊತೆ ದಾಖಲೆ ಹೊಂದಿಸಿಕೊಳ್ಳುತ್ತಿತ್ತು.

ನಾವು ಮಾಡುವ ಕೆಲಸ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಐದು ಜನರ ಸಣ್ಣ ತಂಡ. ನಮ್ಮದು ಆ್ಯಪ್ ಅಲ್ಲ, ಬೇರೆಯವರ ಆ್ಯಪ್ ಒಳಗೆ ಕೂರುವ ಎಸ್‌ಡಿಕೆ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಫೋನಿನಲ್ಲಿ ದಾಖಲೆ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಕಳಿಸುವುದು ಅದರ ಕೆಲಸ. ಈ ಕ್ಲೈಂಟ್‌ನ ಆ್ಯಪ್ ಹಳ್ಳಿಗಳ ಹಾಲು ಸಂಗ್ರಹ ಕೇಂದ್ರಗಳಿಗೆ ಮಾಡಿದ್ದು. ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ ರೈತರು ಹಾಲು ತರುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಷ್ಟು ಅಂತ ಬರೆದುಕೊಳ್ಳಬೇಕು. ಇದರ ಮೇಲೆ ದುಡ್ಡು ನಿಲ್ಲುತ್ತದೆ. ಹಾಗಾಗಿ ಒಂದು ಸಾಲೂ ಕಳೆದುಹೋಗುವ ಹಾಗಿಲ್ಲ.

ಶುರುವಿನಲ್ಲಿ ಎಲ್ಲ ಸಂಖ್ಯೆಗಳನ್ನೂ ಕೋಡ್‌ನಲ್ಲೇ ಬರೆದಿದ್ದೆವು. ಎಷ್ಟು ನಿಮಿಷಕ್ಕೊಮ್ಮೆ ಸಿಂಕ್, ಒಂದು ಕಂತಿನಲ್ಲಿ ಎಷ್ಟು ದಾಖಲೆ, ಎಷ್ಟು ಸಲ ಮರುಪ್ರಯತ್ನ, ಸರ್ವರ್ ವಿಳಾಸ. ಒಂದು ಸಂಖ್ಯೆ ಬದಲಾಗಬೇಕಂದರೆ ನಾವು ಹೊಸ ಆವೃತ್ತಿ ಬಿಡಬೇಕು. ಕ್ಲೈಂಟ್ ಅದನ್ನು ತಮ್ಮ ಆ್ಯಪ್‌ಗೆ ಸೇರಿಸಿ, ಟೆಸ್ಟ್ ಮಾಡಿ, ಪ್ಲೇ ಸ್ಟೋರ್‌ಗೆ ಹಾಕಬೇಕು. ಆಮೇಲೆ ಹಳ್ಳಿಯಲ್ಲಿ ಯಾರೋ ಅಪ್‌ಡೇಟ್ ಒತ್ತಬೇಕು. ಕೆಲವರು ಇವತ್ತಿಗೂ ಒತ್ತಿಲ್ಲ. ಆ್ಯಪ್ ಬರೆಯುವವರಿಗೆ ಇದು ಒಂದು ಮೆಟ್ಟಿಲು, ಎಸ್‌ಡಿಕೆ ಬರೆಯುವವರಿಗೆ ಎರಡು.

ಅದಕ್ಕೇ ಸೆಟ್ಟಿಂಗ್‌ಗಳನ್ನು ಹೊರಗಿನಿಂದ ಕಳಿಸೋಣ ಅಂತ ಹೊರಟೆವು. ಮೊದಲು ಕೈ ಹಾಕಿದ್ದು ಫೈರ್‌ಬೇಸ್ ರಿಮೋಟ್ ಕಾನ್ಫಿಗ್‌ಗೆ. ಗೂಗಲ್ 2016ರಿಂದ ಕೊಡುತ್ತಿರುವ ಸೇವೆ. ಅದರ ಕನ್ಸೋಲ್‌ನಲ್ಲಿ (ನಿಯಂತ್ರಣ ಪುಟದಲ್ಲಿ) ಒಂದು ಕೀ, ಅಂದರೆ ಸೆಟ್ಟಿಂಗ್‌ನ ಹೆಸರು, ಅದಕ್ಕೊಂದು ಬೆಲೆ (ವ್ಯಾಲ್ಯೂ) ಬರೆದು ಪಬ್ಲಿಷ್ ಒತ್ತಿದರೆ ಆಯಿತು. ಫೋನಿನಲ್ಲಿ ಫೈರ್‌ಬೇಸ್‌ನ ಲೈಬ್ರರಿ (ಸಿದ್ಧ ಕೋಡ್) ಅದನ್ನು ಫೆಚ್ ಮಾಡಿ, ಅಂದರೆ ತರಿಸಿ, ಇಟ್ಟುಕೊಳ್ಳುತ್ತದೆ, ನಾವು ಆಕ್ಟಿವೇಟ್ ಅಂದಾಗ ಜಾರಿಗೆ ತರುತ್ತದೆ. ಕ್ಲೈಂಟ್ ಆ್ಯಪ್‌ನಲ್ಲಿ ಅವರದೇ ಫೈರ್‌ಬೇಸ್ ಪ್ರಾಜೆಕ್ಟ್ ಇರುತ್ತದಲ್ಲ, ಅದಕ್ಕೆ ತಾಗದ ಹಾಗೆ ನಮ್ಮ ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಎರಡನೆಯದಾಗಿ ಶುರು ಮಾಡಿದೆವು. ಇದಕ್ಕೆ ಅವಕಾಶ ಇದೆ. ಎರಡು ದಿನದಲ್ಲಿ ಎಲ್ಲ ಓಡಿತು. ನಾವು ಖುಷಿಯಾಗಿ ಮಸಾಲೆ ದೋಸೆ ತಿಂದು ಬಂದೆವು. ಕಾವಲಿಯ ನೆನಪು ಆಮೇಲೆ ಬೇರೆ ರೀತಿ ಬಂತು ಅನ್ನಿ.

ಆ ಬೆಳಿಗ್ಗೆಯ ಕಾರಣ ಹುಡುಕಲು ನನಗೆ ಒಂದು ಗಂಟೆ ಬೇಕಾಯಿತು. ಸಿಂಕ್ ಅವಧಿಯ ಕೀ ಹೆಸರು ಕೋಡ್‌ನಲ್ಲಿ 'ಮಿನಿಟ್ಸ್' ಅಂತ ಮುಗಿಯುತ್ತಿತ್ತು. ಕನ್ಸೋಲ್‌ನಲ್ಲಿ ನಾನೇ ಟೈಪ್ ಮಾಡುವಾಗ 'ಮಿನಿಟ್' ಅಂತ ಹಾಕಿದ್ದೆ. ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಫೋನು ಸರಿಯಾದ ಹೆಸರಿನಿಂದ ಕೇಳಿತು, ಆ ಹೆಸರಿನ ಕೀ ಅಲ್ಲಿರಲಿಲ್ಲ. ಹಾಗೆ ಸಿಗದಿದ್ದಾಗ ಲೈಬ್ರರಿ ಬೈಯುವುದಿಲ್ಲ, ಕ್ರ್ಯಾಶ್ ಆಗುವುದಿಲ್ಲ. ಫೋನಿನೊಳಗೆ ಡೀಫಾಲ್ಟ್ (ಬೇರೇನೂ ಸಿಗದಿದ್ದಾಗ ಬಳಸುವ ಬೆಲೆ) ಕೊಟ್ಟಿದ್ದೀರಾ ಅಂತ ನೋಡುತ್ತದೆ. ಅದೂ ಇಲ್ಲದಿದ್ದರೆ ಸಂಖ್ಯೆ ಕೇಳಿದವರಿಗೆ 0, ಪದ ಕೇಳಿದವರಿಗೆ ಖಾಲಿ ಸಾಲು, ಹೌದೋ ಅಲ್ಲವೋ ಕೇಳಿದವರಿಗೆ 'ಅಲ್ಲ'. ಡೀಫಾಲ್ಟ್ ಫೈಲ್ ಬರೆಯುವುದನ್ನು ನಾವು 'ಆಮೇಲೆ ನೋಡೋಣ' ಪಟ್ಟಿಯಲ್ಲಿ ಇಟ್ಟಿದ್ದೆವು.

ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಬಳಸಿದ್ದರೆ ಬಚಾವಾಗುತ್ತಿದ್ದೆವು. ಮತ್ತೆ ಮತ್ತೆ ಮಾಡುವ ಕೆಲಸವನ್ನು ಅದು 15 ನಿಮಿಷಕ್ಕಿಂತ ಬೇಗ ಓಡಿಸುವುದೇ ಇಲ್ಲ. ಆದರೆ ಆ್ಯಪ್ ತೆರೆದಿರುವಾಗ ಬೇಗ ಸಿಂಕ್ ಆಗಲಿ ಅಂತ ನಾನು ಕೈಯಾರೆ ಒಂದು ಹ್ಯಾಂಡ್ಲರ್ (ಇಷ್ಟು ಹೊತ್ತು ಬಿಟ್ಟು ಮತ್ತೆ ಓಡಿಸು ಅನ್ನುವ ಕೋಡ್) ಬರೆದಿದ್ದೆ. ಅದಕ್ಕೆ 0 ಕೊಟ್ಟರೆ ಅದು 0 ಅಂತಲೇ ತಿಳಿಯುತ್ತದೆ. ಮುಗಿದ ಕೂಡಲೇ ಮತ್ತೆ ಶುರು. ಮಾಡಿದ್ದುಣ್ಣೋ ಮಹರಾಯ.

ಟೆಸ್ಟ್ ಮಾಡುವಾಗ ಯಾಕೆ ಗೊತ್ತಾಗಲಿಲ್ಲ ಅಂತ ನೀವು ಕೇಳಬಹುದು. ಕ್ಲೈಂಟ್ ಕೂಡ ಅದನ್ನೇ ಕೇಳಿದರು. ಆಫೀಸಿನ ಟೆಸ್ಟ್ ಫೋನುಗಳಲ್ಲೆಲ್ಲ ಒಂದು ಗುಟ್ಟಿನ ಪರದೆ ಇದೆ. ಅಲ್ಲಿ ಯಾವ ಸೆಟ್ಟಿಂಗ್ ಬೇಕಾದರೂ ಆ ಫೋನಿನ ಮಟ್ಟಿಗೆ ಓವರ್‌ರೈಡ್ ಮಾಡಬಹುದು, ಅಂದರೆ ಬಂದ ಬೆಲೆ ಬದಿಗಿಟ್ಟು ನಮ್ಮದನ್ನು ಹೇರಬಹುದು. ಯಾವಾಗಲೋ ಬೇರೆ ಏನನ್ನೋ ಪರೀಕ್ಷಿಸುವಾಗ ಸಿಂಕ್ ಅವಧಿಯನ್ನು 30 ಅಂತ ಹಾಕಿ ಹಾಗೇ ಬಿಟ್ಟಿದ್ದೆವು. ಎಲ್ಲ ಫೋನುಗಳೂ ಶಿಸ್ತಾಗಿ 30 ನಿಮಿಷಕ್ಕೊಮ್ಮೆ ಸಿಂಕ್ ಆಗುತ್ತಿದ್ದವು. ನಾವು ರಿಮೋಟ್ ಕೆಲಸ ಮಾಡುತ್ತಿದೆ ಅಂತ ಬೆನ್ನು ತಟ್ಟಿಕೊಂಡೆವು. ಕೆಲಸ ಮಾಡುತ್ತಿದ್ದದ್ದು ನಮ್ಮದೇ ಮರೆತುಹೋದ ಓವರ್‌ರೈಡ್.

ಕನ್ಸೋಲ್‌ನಲ್ಲಿ ಹೆಸರು ಸರಿಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ಅದು ಹಳ್ಳಿಗೆ ತಲುಪಬೇಕಲ್ಲ? ಲೈಬ್ರರಿ ಒಂದು ಸಲ ಫೆಚ್ ಮಾಡಿದರೆ, ನಾವು ಬೇರೆ ಹೇಳದಿದ್ದರೆ, ಮುಂದಿನ 12 ಗಂಟೆ ಸರ್ವರ್ ಕಡೆ ತಿರುಗಿಯೂ ನೋಡುವುದಿಲ್ಲ. ಕ್ಯಾಶ್‌ನಲ್ಲಿ, ಅಂದರೆ ಫೋನಿನಲ್ಲೇ ಉಳಿಸಿಟ್ಟ ಪ್ರತಿಯಲ್ಲಿ, ಇರುವುದನ್ನೇ ಕೊಡುತ್ತದೆ. ಅದರ ಮೇಲೆ ನಾವು 'ಈಗ ಫೆಚ್ ಮಾಡು, ಮುಂದಿನ ಸಲ ಆ್ಯಪ್ ತೆರೆದಾಗ ಜಾರಿಗೆ ತಾ' ಅಂತ ಬರೆದಿದ್ದೆವು. ಕನ್ಸೋಲ್‌ನಲ್ಲಿ ಬದಲಾದ ಕೂಡಲೇ ಫೋನಿಗೆ ತಿಳಿಸುವ ರಿಯಲ್‌ಟೈಮ್ ಸೌಲಭ್ಯ ಫೈರ್‌ಬೇಸ್‌ಗೆ ಬಂದದ್ದು 2023ರಲ್ಲಿ. ನಮ್ಮ ಗ್ರಹಚಾರಕ್ಕೆ ಅದು ಆಗ ಇರಲಿಲ್ಲ. ಬೆಳಿಗ್ಗೆ ಬಿಸಿಯಾದ ಫೋನು ಸಂಜೆಯೂ ಬಿಸಿ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಭಾಗ ತಣ್ಣಗಾದವು. ಅಷ್ಟರವರೆಗೆ ಕ್ಲೈಂಟ್ ಕಡೆಯವರು ಕೇಂದ್ರಗಳಿಗೆ ಫೋನ್ ಮಾಡಿ "ಆ್ಯಪ್ ಪೂರ್ತಿ ಮುಚ್ಚಿ ತೆರೀರಿ, ಆಮೇಲೆ ಇನ್ನೊಂದು ಸಲ ಮುಚ್ಚಿ ತೆರೀರಿ" ಅಂತ ಹೇಳುತ್ತಾ ಕೂತಿದ್ದರು. ಎರಡು ಸಲ ಯಾಕೆ ಅಂತ ಕೇಳಿದವರಿಗೆ ಅವರು ಏನು ಹೇಳಿದರೋ ಗೊತ್ತಿಲ್ಲ.

ಆ ವಾರಾಂತ್ಯ ಊರಿಗೆ ಹೋಗಿದ್ದೆ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲಕ್ಕೆ ಮುಂಚೆ ಅಮ್ಮ ಸಾಮಾನು ತುಂಬಿಸುವ ಕ್ರಮ ಇನ್ನೂ ಬಿಟ್ಟಿಲ್ಲ. ಅಕ್ಕಿ, ಬೆಲ್ಲ, ಒಣಮೆಣಸು, ಹಪ್ಪಳ, ಸೌದೆ. ಹಳ್ಳ ತುಂಬಿ ಪೇಟೆಗೆ ಹೋಗಲಾಗದಿದ್ದರೂ ಒಲೆ ಉರಿಯಬೇಕು. ಸಂತೆಗೆ ಹೋಗಲು ಆದರೆ ಹಸಿ ತರಕಾರಿ ಬರುತ್ತದೆ, ಆಗದಿದ್ದರೆ ಹಪ್ಪಳ ಸಾರು. ಊಟವಂತೂ ನಿಲ್ಲುವುದಿಲ್ಲ. ನಾವು ಮಾಡಿದ್ದು ಉಲ್ಟಾ. ಸಂತೆಯನ್ನೇ ನಂಬಿಕೊಂಡು ಮನೆಯಲ್ಲಿ ಒಂದು ಸೇರು ಅಕ್ಕಿಯೂ ಇಲ್ಲದೆ ಕೂತಿದ್ದೆವು.

ವಾಪಸ್ ಬಂದು ಮೊದಲು ಮಾಡಿದ್ದು ಡೀಫಾಲ್ಟ್ ಬರೆಯುವ ಕೆಲಸ. ಸುಮ್ನೆ ಕನ್ಸೋಲ್‌ನಲ್ಲಿರುವ ಸಂಖ್ಯೆಗಳನ್ನೇ ನಕಲು ಮಾಡಿದರೆ ಸಾಕು ಅಂದುಕೊಂಡಿದ್ದೆ. ಕೂತು ಯೋಚಿಸಿದಾಗ ಹಾಗಲ್ಲ ಅನಿಸಿತು. ರಿಮೋಟ್‌ನಿಂದ ಕಳಿಸುವುದು ಇವತ್ತಿಗೆ ಒಳ್ಳೆಯ ಬೆಲೆ. ಡೀಫಾಲ್ಟ್ ಅಂದರೆ ಏನೂ ಗೊತ್ತಿಲ್ಲದಾಗಲೂ ಕೆಡುಕು ಮಾಡದ ಬೆಲೆ. ಎರಡೂ ಬೇರೆ ಬೇರೆ. ಸಿಂಕ್ ಅವಧಿ ರಿಮೋಟ್‌ನಲ್ಲಿ 30 ಇದ್ದರೆ ಡೀಫಾಲ್ಟ್ 60 ಇಟ್ಟೆವು. ತಡವಾದರೂ ಪರವಾಗಿಲ್ಲ, ಬ್ಯಾಟರಿ ತಿನ್ನದಿರಲಿ. ಹೊಸದಾಗಿ ಬರೆದ ಯಾವುದೇ ಸೌಲಭ್ಯ ಡೀಫಾಲ್ಟ್‌ನಲ್ಲಿ ಆಫ್. ಹಳೆಯ ದಾಖಲೆ ಅಳಿಸುವ ಅವಧಿ ರಿಮೋಟ್‌ನಲ್ಲಿ 7 ದಿನ, ಡೀಫಾಲ್ಟ್‌ನಲ್ಲಿ 90. ಫೋನಿನಲ್ಲಿ ಜಾಗ ಜಾಸ್ತಿ ಹೋಗಬಹುದು, ರೈತನ ಲೆಕ್ಕ ಹೋಗಬಾರದು. ಒಂದೊಂದು ಸಂಖ್ಯೆಗೂ ಜಗಳವಾಡಿ ಎರಡು ದಿನ ತೆಗೆದುಕೊಂಡೆವು. ನಾನು ಈ ಕೆಲಸದಲ್ಲಿ ಕಳೆದ ಒಳ್ಳೆಯ ಎರಡು ದಿನಗಳು ಅವು.

ಜೊತೆಗೆ ಪ್ರತಿ ಸಂಖ್ಯೆಗೂ ಬೇಲಿ ಹಾಕಿದೆವು. ಸಿಂಕ್ ಅವಧಿ 5ಕ್ಕಿಂತ ಕಡಿಮೆ, 720ಕ್ಕಿಂತ ಜಾಸ್ತಿ ಬಂದರೆ ಒಳಗೆ ಬಿಡುವುದಿಲ್ಲ. ಯಾರು ಕಳಿಸಿದರೂ ಅಷ್ಟೇ.

ಇನ್ನೊಂದು ಸಣ್ಣ ಬದಲಾವಣೆ ಮಾಡಿದೆವು, ಇವತ್ತಿಗೂ ಅದರಿಂದಲೇ ಬದುಕಿದ್ದೇವೆ. ಯಾವುದೇ ಸೆಟ್ಟಿಂಗ್ ಕೇಳಿದರೂ ಬೆಲೆಯ ಜೊತೆಗೆ ಅದು ಎಲ್ಲಿಂದ ಬಂತು ಅಂತಲೂ ಹೇಳಬೇಕು. ಫೈರ್‌ಬೇಸ್‌ನಲ್ಲಿ ಇದು ಮೊದಲಿನಿಂದಲೂ ಇದೆ. ರಿಮೋಟ್, ಡೀಫಾಲ್ಟ್, ಎರಡೂ ಇಲ್ಲದಿದ್ದರೆ ಸ್ಟ್ಯಾಟಿಕ್. ನಾವು ಅದನ್ನು ಒಮ್ಮೆಯೂ ಕೇಳಿರಲಿಲ್ಲ, ಅಷ್ಟೆ. ಕೇಳಿದ್ದರೆ ಮೊದಲ ದಿನವೇ ಟೆಸ್ಟ್ ಫೋನು 'ಇದು ರಿಮೋಟ್ ಅಲ್ಲ ಮಾರಾಯ' ಅಂತ ಹೇಳುತ್ತಿತ್ತು. ಈಗ ಪ್ರತಿ ಸಿಂಕ್ ಜೊತೆಗೂ ಕಾನ್ಫಿಗ್‌ನ (ಸೆಟ್ಟಿಂಗ್‌ಗಳ ಕಟ್ಟಿನ) ಆವೃತ್ತಿ ಮತ್ತು ಅದರ ಮೂಲ ಸರ್ವರ್‌ಗೆ ಹೋಗುತ್ತದೆ. ಓವರ್‌ರೈಡ್ ಇರುವ ಫೋನಿನಲ್ಲಿ ಪರದೆಯ ಮೇಲೆ ಕೆಂಪು ಪಟ್ಟಿ. ಜನರಿಗೆ ಬಿಡುವ ರಿಲೀಸ್ ಬಿಲ್ಡ್‌ನಲ್ಲಿ ಆ ಗುಟ್ಟಿನ ಪರದೆಯೇ ಇರುವುದಿಲ್ಲ.

ಆಮೇಲೆ ಫೈರ್‌ಬೇಸ್ ಬಿಟ್ಟೆವು. ಅದರಲ್ಲಿ ದೋಷ ಇತ್ತು ಅಂತ ಅಲ್ಲ. ಸ್ವಂತ ಆ್ಯಪ್ ಆಗಿದ್ದರೆ ಇವತ್ತೂ ಅದನ್ನೇ ಬಳಸುತ್ತಿದ್ದೆ. ಆದರೆ ಎಸ್‌ಡಿಕೆ ಇನ್ನೊಬ್ಬರ ಮನೆಯಲ್ಲಿ ಉಳಿದುಕೊಂಡ ನೆಂಟ. ನಾವು ಒಂದು ಆವೃತ್ತಿಯ ಫೈರ್‌ಬೇಸ್ ತಂದರೆ, ಅವರಲ್ಲಿ ಇನ್ನೊಂದು ಇರುತ್ತದೆ. ಆ್ಯಪ್ ಕಟ್ಟುವ ಸಾಧನ ಗ್ರೇಡಲ್ ಎರಡರಲ್ಲಿ ಹೊಸದನ್ನು ಆರಿಸುತ್ತದೆ, ಅವರ ಬಿಲ್ಡ್ ಮುರಿಯುತ್ತದೆ, ಫೋನ್ ನಮಗೆ ಬರುತ್ತದೆ. ಇನ್ನೊಂದು ಕ್ಲೈಂಟ್ ಅಂತೂ ಹೊರಗಿನ ಯಾವ ಲೈಬ್ರರಿಯೂ ಬೇಡ ಅಂದುಬಿಟ್ಟರು.

ನಮಗೆ ಬೇಕಾದದ್ದು ಹೆಚ್ಚೇನಲ್ಲ. ಸಿಡಿಎನ್ (ಫೈಲ್ ಹಂಚುವ ಸರ್ವರ್‌ಗಳ ಜಾಲ) ಮೇಲೆ ಒಂದು ಜೇಸನ್ ಫೈಲ್, ಅಂದರೆ ಕೀ ಮತ್ತು ಬೆಲೆಗಳ ಪಠ್ಯ ಫೈಲ್, ಇಟ್ಟೆವು. ಫೋನು ಅದನ್ನು ಕೇಳುವಾಗ ತನ್ನ ಹತ್ತಿರ ಇರುವ ಪ್ರತಿಯ ಇಟ್ಯಾಗ್ (ಆ ಪ್ರತಿಯ ಗುರುತು) ಕಳಿಸುತ್ತದೆ. ಬದಲಾಗಿಲ್ಲದಿದ್ದರೆ ಅಲ್ಲಿಂದ 304 ಅಂತ ಉತ್ತರ, ಫೈಲ್ ಬರುವುದಿಲ್ಲ, ಡೇಟಾ ಖರ್ಚಿಲ್ಲ. ಬದಲಾಗಿದ್ದರೆ ಹೊಸ ಫೈಲ್ ಬಂದು ಪಕ್ಕದಲ್ಲಿ ಕೂರುತ್ತದೆ. ಜಾರಿಗೆ ಬರುವುದು ಮುಂದಿನ ಸಲ ಆ್ಯಪ್ ತೆರೆದಾಗ. ಫೆಚ್ ಬೇರೆ, ಆಕ್ಟಿವೇಟ್ ಬೇರೆ ಅನ್ನುವ ಫೈರ್‌ಬೇಸ್‌ನ ಪಾಠ ಹಾಗೇ ಉಳಿಸಿಕೊಂಡೆವು. ಇಲ್ಲದಿದ್ದರೆ ಕಂತಿನ ಅರ್ಧ ದಾಖಲೆ ಹಳೆಯ ನಿಯಮದಲ್ಲಿ, ಇನ್ನರ್ಧ ಹೊಸ ನಿಯಮದಲ್ಲಿ ಹೋಗುತ್ತವೆ. ಫೈಲ್ ಬರೆಯುವಾಗ ಫೋನ್ ಆಫ್ ಆದರೆ ಅರ್ಧ ಜೇಸನ್ ಉಳಿಯುತ್ತದೆ, ಅದಕ್ಕೆ ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು ಆಮೇಲೆ ಹೆಸರು ಬದಲಿಸುತ್ತೇವೆ. ಬೆಳಿಗ್ಗೆ ಐದೂವರೆಗೆ ಎಲ್ಲ ಕೇಂದ್ರಗಳೂ ಒಟ್ಟಿಗೆ ಆ್ಯಪ್ ತೆರೆಯುತ್ತವೆ, ಹಾಗಾಗಿ ಪ್ರತಿ ಫೋನೂ ಒಂದಷ್ಟು ಸೆಕೆಂಡು ತನಗೆ ತೋಚಿದಷ್ಟು ಕಾದು ಕೇಳುತ್ತದೆ.

ಸ್ವಂತ ಬರೆದರೆ ಸ್ವಂತ ತಪ್ಪುಗಳೂ ಬರುತ್ತವೆ. ಫೈರ್‌ಬೇಸ್‌ನ ಆಂಡ್ರಾಯ್ಡ್ ಲೈಬ್ರರಿ 'ಯೆಸ್', 'ಆನ್', '1' ಎಲ್ಲವನ್ನೂ 'ಟ್ರೂ' ಅಂತಲೇ ಒಪ್ಪಿಕೊಳ್ಳುತ್ತದೆ. ನಮ್ಮದು ಒಪ್ಪಲಿಲ್ಲ. ಹಳೆಯ ಅಭ್ಯಾಸದಲ್ಲಿ ಒಬ್ಬರು 'ಯೆಸ್' ಬರೆದು ಒಂದು ದಿನ ತಲೆ ಕೆರೆದುಕೊಂಡರು. ಇನ್ನೊಂದು ಫೋನು ತಿಂಗಳುಗಟ್ಟಲೆ ಹೊಸ ಕಾನ್ಫಿಗ್ ಕೇಳಿಯೇ ಇರಲಿಲ್ಲ. ಅದರಲ್ಲಿ ಯಾರೋ ಒಮ್ಮೆ ತಾರೀಕನ್ನು ಮುಂದಿನ ವರ್ಷಕ್ಕೆ ತಿರುಗಿಸಿ ಆಮೇಲೆ ಸರಿ ಮಾಡಿದ್ದರು. ಕೊನೆಯ ಫೆಚ್ ಮುಂದಿನ ವರ್ಷ ಆಗಿದೆ ಅಂತ ಬರೆದುಕೊಂಡಿತ್ತು ಪಾಪ. ಇನ್ನೂ ಸಮಯ ಆಗಿಲ್ಲ ಅಂತ ಕಾಯುತ್ತಾ ಕೂತಿತ್ತು. ಈಗ ಕೊನೆಯ ಫೆಚ್ ಭವಿಷ್ಯದಲ್ಲಿದ್ದರೆ ಸೀದಾ ಹೋಗಿ ಕೇಳುತ್ತದೆ.

ಆದರೆ ನನ್ನ ನೆಚ್ಚಿನ ಬಗ್ ಬೆಳಗಾವಿಯದು. ಹೊಸ ಕಾನ್ಫಿಗ್ ಬಿಟ್ಟಾಗಲೆಲ್ಲ ಬೆಳಗಾವಿ ಕಡೆಯ ಕೆಲವು ಕೇಂದ್ರಗಳು ಮಾತ್ರ ಡೀಫಾಲ್ಟ್‌ನಲ್ಲೇ ಉಳಿಯುತ್ತಿದ್ದವು. ಮೂಲ ಕಳಿಸುವ ವ್ಯವಸ್ಥೆ ಇದ್ದದ್ದರಿಂದ ಕಣ್ಣಿಗೆ ಬಿತ್ತು. ನೆಟ್‌ವರ್ಕ್ ಅಂದುಕೊಂಡೆವು. ಅದೇ ಊರಿನ ಇನ್ನೊಂದು ಫೋನು, ಅದೇ ಸಿಮ್, ಚೆನ್ನಾಗಿ ಪಡೆಯುತ್ತಿದೆ. ಒಂದೇ ಮಾಡೆಲ್ ಬೇರೆ. ಕೊನೆಗೆ ಸಿಡಿಎನ್ ಲಾಗ್‌ನಲ್ಲಿ 404ಗಳನ್ನು ('ಆ ಫೈಲ್ ಇಲ್ಲ' ಅನ್ನುವ ಉತ್ತರಗಳನ್ನು) ಹುಡುಕಿದಾಗ ನಗು ಬಂತು. ಫೈಲ್ ಹೆಸರಿನಲ್ಲಿ ಆವೃತ್ತಿ ಸಂಖ್ಯೆಯನ್ನು ಮೂರು ಅಂಕಿಯಾಗಿ ಬರೆಯಲು ನಾವು ಸ್ಟ್ರಿಂಗ್ ಫಾರ್ಮ್ಯಾಟ್ ಬಳಸಿದ್ದೆವು, ಭಾಷೆ ಯಾವುದು ಅಂತ ಹೇಳಿರಲಿಲ್ಲ. ಹೇಳದಿದ್ದರೆ ಅದು ಫೋನಿನ ಭಾಷೆಯ ಅಂಕಿ ಬಳಸುತ್ತದೆ. ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ 1, 2, 3 ಅಂತಲೇ ಬರುತ್ತದೆ. ಮರಾಠಿಯಲ್ಲಿ ಇಟ್ಟುಕೊಂಡವರಿಗೆ ದೇವನಾಗರಿ ಅಂಕಿ ಬರುತ್ತದೆ. ಆ ಫೋನುಗಳು ಇಷ್ಟು ದಿನ ಸಿಡಿಎನ್‌ಗೆ ಹೋಗಿ ದೇವನಾಗರಿಯಲ್ಲಿ ಫೈಲ್ ಕೇಳುತ್ತಿದ್ದವು. ಅಂಥ ಫೈಲ್ ಇಲ್ಲ ಅಂತ ಬರಿಗೈಯಲ್ಲಿ ವಾಪಸ್ ಬರುತ್ತಿದ್ದವು.

ಗಡಿ ಭಾಷೆ ರಾಜಕೀಯ ಎಲ್ಲೆಲ್ಲೋ ನೋಡಿದ್ದೆ, ಯುಆರ್‌ಎಲ್‌ನಲ್ಲಿ ನೋಡಿರಲಿಲ್ಲ. ತಿದ್ದುಪಡಿ ಒಂದೇ ಸಾಲು, ಫಾರ್ಮ್ಯಾಟ್‌ಗೆ ರೂಟ್ ಲೊಕೇಲ್ (ಯಾವ ಭಾಷೆಗೂ ಸೇರದ ತಟಸ್ಥ ಆಯ್ಕೆ) ಕೊಡುವುದು. ಕೋಡ್‌ನಲ್ಲಿ ತಪ್ಪು ಹುಡುಕುವ ಆಂಡ್ರಾಯ್ಡ್ ಲಿಂಟ್ ಇದನ್ನೇ ಹಳದಿ ಬಣ್ಣದಲ್ಲಿ ಎಚ್ಚರಿಸುತ್ತಾ ಬಂದಿತ್ತು. ನಾವು ಹಳದಿ ನೋಡುವ ಜನ ಅಲ್ಲವಲ್ಲ. ಒಂದು ಸಮಾಧಾನ ಏನೆಂದರೆ, ಅಷ್ಟೂ ತಿಂಗಳು ಆ ಕೇಂದ್ರಗಳ ಹಾಲಿನ ಲೆಕ್ಕ ಒಂದೂ ತಪ್ಪಿರಲಿಲ್ಲ. ಅಲ್ಲಿ ಪೂರ್ತಿ ಹಪ್ಪಳ ಸಾರಿನಲ್ಲೇ ನಡೆದಿತ್ತು.

ಕಷ್ಟದ ಜಗಳ ನಡೆದದ್ದು ಕೋಡ್ ಬಗ್ಗೆ ಅಲ್ಲ, ಯಜಮಾನಿಕೆ ಬಗ್ಗೆ. ನಮ್ಮ ಎಸ್‌ಡಿಕೆಯನ್ನು ಶುರು ಮಾಡುವಾಗ ಹೋಸ್ಟ್ ಆ್ಯಪ್ (ನಮ್ಮನ್ನು ಒಳಗಿಟ್ಟುಕೊಂಡ ಆ್ಯಪ್) ಕೂಡ ಕೆಲವು ಸೆಟ್ಟಿಂಗ್ ಕೊಡಬಹುದು. ಈ ಕ್ಲೈಂಟ್ 'ಫೋಟೋಗಳನ್ನು ವೈಫೈನಲ್ಲಿ ಮಾತ್ರ ಕಳಿಸು' ಅಂತ ಕೊಟ್ಟಿದ್ದರು. ಕೇಂದ್ರದವರ ಪ್ಯಾಕ್ ದಿನಕ್ಕೆ ಒಂದೂವರೆ ಜಿಬಿ, ಅದೂ ಅವರ ಸ್ವಂತ ಫೋನು. ಇನ್ನೊಂದು ಕ್ಲೈಂಟ್‌ಗೆ ಫೋಟೋ ಬೇಗ ಬೇಕಿತ್ತು, ಆ ಸೆಟ್ಟಿಂಗನ್ನು ನಾವು ಎಲ್ಲರಿಗೂ ಹೋಗುವ ರಿಮೋಟ್‌ನಲ್ಲೇ ಆಫ್ ಮಾಡಿದೆವು. ನಮ್ಮ ನಿಯಮ ಸರಳವಾಗಿತ್ತು: ರಿಮೋಟ್ ಎಲ್ಲದಕ್ಕಿಂತ ಮೇಲೆ. ಸಂಜೆಯೊಳಗೆ ಹಾಲಿನವರ ಡೇಟಾ ಮುಗಿಯಿತು.

"ನಾವು ಕೋಡ್‌ನಲ್ಲಿ ಬರೆದುಕೊಟ್ಟ ಮಾತಿಗೆ ಬೆಲೆನೇ ಇಲ್ವಾ?" ಅಂತ ಅವರ ಡೆವಲಪರ್ ಕೇಳಿದರು. ಸಿಟ್ಟಿನಿಂದಲ್ಲ, ಬೇಜಾರಿನಿಂದ. ಅವರು ಹೇಳಿದ್ದು ಸರಿ. ನೆಂಟರ ಮನೆಗೆ ಹೋಗಿ ಅಡುಗೆಮನೆಯ ಡಬ್ಬಿಗಳನ್ನು ನಮಗೆ ಬೇಕಾದ ಹಾಗೆ ಜೋಡಿಸಿ ಬಂದಿದ್ದೆವು.

ಉಲ್ಟಾ ಮಾಡಿ, ಹೋಸ್ಟ್ ಹೇಳಿದ್ದೇ ಮೇಲು ಅಂದರೆ? ಆಗ ಸರ್ವರ್ ವಿಳಾಸವನ್ನು ಯಾರೋ ಕೋಡ್‌ನಲ್ಲಿ ಬರೆದುಕೊಂಡು ಕೂತರೆ ನಾವು ಸರ್ವರ್ ಬದಲಿಸುವ ಹಾಗೇ ಇಲ್ಲ. ಏನಾದರೂ ಕೆಟ್ಟು ನಮ್ಮ ಸೌಲಭ್ಯ ಒಂದನ್ನು ತುರ್ತಾಗಿ ಆಫ್ ಮಾಡಲೂ ಆಗುವುದಿಲ್ಲ. ಎಲ್ಲ ಕೀಗಳಿಗೂ ಒಂದೇ ಮೇಲು–ಕೀಳು ಹುಡುಕಿದ್ದೇ ನಮ್ಮ ತಪ್ಪು ಅಂತ ನಿಧಾನಕ್ಕೆ ಹೊಳೆಯಿತು. ಈಗ ಪ್ರತಿ ಕೀಗೂ ಒಬ್ಬ ಯಜಮಾನ ಇದ್ದಾನೆ. ಡೇಟಾ ಖರ್ಚು, ಖಾಸಗಿತನ, ಏನನ್ನು ಸಂಗ್ರಹಿಸಬಹುದು ಅನ್ನುವುದೆಲ್ಲ ಹೋಸ್ಟ್‌ನದು. ಅವರು ಬೇಡ ಅಂದರೆ ರಿಮೋಟ್ ಬೇಕು ಅನ್ನುವ ಹಾಗಿಲ್ಲ. ಸರ್ವರ್ ವಿಳಾಸ, ತುರ್ತು ಸ್ವಿಚ್ಚು ನಮ್ಮದು. ವಿಳಾಸವೂ ಕೋಡ್‌ನಲ್ಲಿರುವ ಪಟ್ಟಿಯ ಡೊಮೈನ್ ಆಗಿರಬೇಕು, ಯಾರೋ ಫೈಲ್ ಕದ್ದು ಬದಲಿಸಿದರೂ ಹಾಲಿನ ಲೆಕ್ಕ ಬೇರೆ ಕಡೆ ಹೋಗಬಾರದು. ಸಿಂಕ್ ಅವಧಿಯಂಥದ್ದು ಇಬ್ಬರದೂ. ಇಬ್ಬರಲ್ಲಿ ಯಾರು ಹೆಚ್ಚು ಸಂಯಮದಿಂದ ಹೇಳಿದರೋ ಅವರ ಮಾತು ನಡೆಯುತ್ತದೆ.

ದೊಡ್ಡವರೂ ಹೀಗೇ ಮಾಡಿದ್ದಾರೆ ಅಂತ ಆಮೇಲೆ ಗಮನಿಸಿದೆ. ಬಳಕೆಯ ಮಾಹಿತಿ ಸಂಗ್ರಹಿಸುವ ಫೈರ್‌ಬೇಸ್ ಅನಾಲಿಟಿಕ್ಸ್‌ನಲ್ಲಿ, ಆ ಸಂಗ್ರಹದ ಬಗ್ಗೆ ಆ್ಯಪ್‌ನ ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ವಿವರ ಇರುವ ಫೈಲ್‌ನಲ್ಲಿ) ಬರೆಯುವ ಎರಡು ಬೇರೆ ಗುರುತುಗಳಿವೆ. 'ಎನೇಬಲ್ಡ್' ಅನ್ನುವುದನ್ನು ಆಮೇಲೆ ಕೋಡ್‌ನಿಂದ ಬದಲಿಸಬಹುದು. 'ಡಿಆಕ್ಟಿವೇಟೆಡ್' ಅಂತ ಬರೆದರೆ ಮುಗಿಯಿತು, ಆ ಆವೃತ್ತಿಯಲ್ಲಿ ಯಾರೂ ಅದನ್ನು ತೆರೆಯುವ ಹಾಗಿಲ್ಲ. ಮೊದಲು ಓದಿದಾಗ ಎರಡು ಯಾಕೆ ಅಂತ ಅರ್ಥ ಆಗಿರಲಿಲ್ಲ.

ಐಫೋನ್ ಕಡೆಯ ಒಂದು ಕತೆ ಚುಟುಕಾಗಿ ಹೇಳುತ್ತೇನೆ. ಹೊಸ ಸೌಲಭ್ಯವನ್ನು ನೂರಕ್ಕೆ ಹತ್ತು ಜನರಿಗೆ ಮಾತ್ರ ಕೊಡಲು ಫೋನಿನ ಗುರುತು ಸಂಖ್ಯೆಯ ಹ್ಯಾಶ್ (ಅದರಿಂದ ಲೆಕ್ಕ ಹಾಕಿ ಪಡೆದ ಇನ್ನೊಂದು ಸಂಖ್ಯೆ) ತೆಗೆದು 100ರಿಂದ ಭಾಗಿಸುತ್ತೇವೆ. ಶೇಷ 10ಕ್ಕಿಂತ ಕಡಿಮೆ ಇದ್ದರೆ ಆನ್. ಆಂಡ್ರಾಯ್ಡ್‌ನಲ್ಲಿ ಹ್ಯಾಶ್ ಕೆಲವೊಮ್ಮೆ ಮೈನಸ್ ಬಂದು, ಮೈನಸ್ ಎಲ್ಲವೂ 10ಕ್ಕಿಂತ ಕಡಿಮೆಯೇ ಆದ್ದರಿಂದ ಅರ್ಧದಷ್ಟು ಜನಕ್ಕೆ ಆನ್ ಆಯಿತು. ಐಫೋನ್‌ನಲ್ಲಿ ಇನ್ನೂ ಮಜಾ. ಐಫೋನ್ ಆ್ಯಪ್ ಬರೆಯುವ ಭಾಷೆ ಸ್ವಿಫ್ಟ್‌ನ 4.2 ಆವೃತ್ತಿಯಿಂದ ಈಚೆಗೆ ಹ್ಯಾಶ್ ಬೆಲೆ ಪ್ರತಿ ಸಲ ಆ್ಯಪ್ ತೆರೆದಾಗಲೂ ಬೇರೆ. ಹಾಗಾಗಿ ಒಬ್ಬರಿಗೇ ಬೆಳಿಗ್ಗೆ ಇದ್ದ ಬಟನ್ ಮಧ್ಯಾಹ್ನ ಮಾಯ, ಸಂಜೆ ಮತ್ತೆ ಹಾಜರ್. ಈಗ ಎರಡೂ ಕಡೆ ಶಾ-256 ಅನ್ನುವ, ಯಾವಾಗಲೂ ಒಂದೇ ಉತ್ತರ ಕೊಡುವ ಹ್ಯಾಶ್ ಬಳಸುತ್ತೇವೆ. ಹ್ಯಾಶ್‌ಗೆ ಸೌಲಭ್ಯದ ಹೆಸರನ್ನೂ ಸೇರಿಸುತ್ತೇವೆ, ಇಲ್ಲದಿದ್ದರೆ ಪ್ರತಿ ಹೊಸ ಪ್ರಯೋಗಕ್ಕೂ ಅದೇ ಹತ್ತು ಜನ ಬಲಿಪಶು.

ಇಷ್ಟೆಲ್ಲ ಆದ ಮೇಲೂ ನನಗೆ ಒಂದು ಭಯ ಉಳಿದಿತ್ತು. 2020ರ ಮೇ 6ರಂದು ಅಮೆರಿಕದಲ್ಲಿ ಸಂಜೆ ಹೊತ್ತಿಗೆ ಐಫೋನ್‌ನಲ್ಲಿ ಸ್ಪಾಟಿಫೈ, ಪಿಂಟರೆಸ್ಟ್, ಟಿಂಡರ್, ಟಿಕ್‌ಟಾಕ್ ಎಲ್ಲ ಒಟ್ಟಿಗೆ ತೆರೆದ ಕೂಡಲೇ ಬೀಳತೊಡಗಿದವು. ಇವುಗಳಲ್ಲಿ ಸಮಾನವಾಗಿದ್ದದ್ದು ಒಳಗಿದ್ದ ಫೇಸ್‌ಬುಕ್ ಎಸ್‌ಡಿಕೆ. ಅದು ಶುರುವಾಗುವಾಗ ತನ್ನ ಸರ್ವರ್‌ನಿಂದ ಸೆಟ್ಟಿಂಗ್ ತರಿಸಿಕೊಳ್ಳುತ್ತದೆ. ಆ ದಿನ ಸರ್ವರ್ ಕಡೆ ಮಾಡಿದ ಬದಲಾವಣೆಯಿಂದ ಬಂದ ಉತ್ತರ, ಎಸ್‌ಡಿಕೆ ಅಂದುಕೊಂಡ ಆಕಾರದಲ್ಲಿ ಇರಲಿಲ್ಲ. ಸಕ್ಕರೆ ಡಬ್ಬಿ ಅಂತ ಕೈ ಹಾಕಿದರೆ ಉಪ್ಪು. ಫೇಸ್‌ಬುಕ್ ಲಾಗಿನ್ ಒಮ್ಮೆಯೂ ಬಳಸದವರ ಫೋನಿನಲ್ಲೂ ಆ್ಯಪ್ ಬಿತ್ತು. ಆ ಆ್ಯಪ್‌ಗಳ ತಂಡದವರು ತಮ್ಮ ಒಂದು ಸಾಲೂ ಬದಲಿಸಿರಲಿಲ್ಲ. ಎರಡು ತಿಂಗಳು ಕಳೆದು ಜುಲೈ 10ರಂದು ಅಂಥದೇ ಇನ್ನೊಂದು ಸಲ ಆಯಿತು.

ಅದನ್ನು ಓದಿದಾಗ ಬೇರೆಯವರ ಸುದ್ದಿ ಅಂದುಕೊಂಡಿದ್ದೆ. ಕಾವಲಿ ಪ್ರಕರಣದ ಮೇಲೆ ಮತ್ತೆ ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಕೆಟ್ಟ ಕಾನ್ಫಿಗ್ ಬಂದು ಆ್ಯಪ್ ಶುರುವಿನಲ್ಲೇ ಬಿದ್ದರೆ, ತಿದ್ದಿದ ಕಾನ್ಫಿಗ್ ತರಿಸಿಕೊಳ್ಳಲೂ ಅದಕ್ಕೆ ಸಮಯ ಸಿಗುವುದಿಲ್ಲ. ಕ್ಯಾಶ್‌ನಲ್ಲಿರುವ ವಿಷವನ್ನೇ ಮತ್ತೆ ಮತ್ತೆ ಕುಡಿಯುತ್ತಾ ಇರುತ್ತದೆ.

ಈಗ ಹೊಸ ಕಾನ್ಫಿಗ್ ಜಾರಿಗೆ ತರುವ ಮುಂಚೆ ಎಸ್‌ಡಿಕೆ ಒಂದು ಖಾಲಿ ಫೈಲ್ ಇಡುತ್ತದೆ, ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಹಾಗೆ. 20 ಸೆಕೆಂಡು ಸುಸೂತ್ರವಾಗಿ ನಡೆದರೆ ತೆಗೆಯುತ್ತದೆ. ಮುಂದಿನ ಸಲ ತೆರೆದಾಗ ಆ ಫೈಲ್ ಅಲ್ಲೇ ಇದ್ದರೆ, ಹೋದ ಸಲ ಒಳಗೆ ಹೋದವರು ಹೊರಗೆ ಬಂದಿಲ್ಲ ಅಂತ ಅರ್ಥ. ಎರಡು ಸಲ ಹಾಗಾದರೆ ಆ ಕಾನ್ಫಿಗ್ ಎಸೆದು ಹಿಂದಿನದಕ್ಕೆ ಹೋಗುತ್ತದೆ, ಅದೂ ಬಿದ್ದರೆ ಡೀಫಾಲ್ಟ್‌ಗೆ. ಬಳಕೆದಾರ ಸಿಟ್ಟಿನಿಂದ ಆ್ಯಪ್ ಕೊಂದರೂ ಇದಕ್ಕೆ ಕ್ರ್ಯಾಶ್ ಥರವೇ ಕಾಣುತ್ತದೆ. ಇರಲಿ, ಒಂದು ದಿನ ಹಳೆಯ ಸೆಟ್ಟಿಂಗ್‌ನಲ್ಲಿ ಓಡಿದರೆ ಏನೂ ಮುಳುಗುವುದಿಲ್ಲ. ಕೀಗಳ ಬಗೆಯನ್ನು ಯಾವತ್ತೂ ಬದಲಿಸುವುದಿಲ್ಲ ಅನ್ನುವುದು ಇನ್ನೊಂದು ನಿಯಮ. ಸಂಖ್ಯೆಯಾಗಿ ಹುಟ್ಟಿದ ಕೀ ಸಂಖ್ಯೆಯಾಗಿಯೇ ಸಾಯಬೇಕು. ಬೇರೆ ಥರ ಬೇಕಿದ್ದರೆ ಹೊಸ ಹೆಸರು. ಈ ಫೈಲ್ ಓದುವ ನಮ್ಮ ಮೊದಲ ಆವೃತ್ತಿ ಇನ್ನೂ ಎಲ್ಲೋ ಓಡುತ್ತಿದೆ, ಅದಕ್ಕೂ ಅದೇ ಫೈಲ್ ಹೋಗುತ್ತದೆ.

ಹೋದ ವರ್ಷ ಸರ್ವರ್ ಬೇರೆ ಕಡೆಗೆ ಸಾಗಿಸಿದೆವು. ಕಾನ್ಫಿಗ್‌ನಲ್ಲಿ ವಿಳಾಸ ಒಂದೇ ಸಾಲು ಬದಲಾಯಿತು. ಮೊದಲ ದಿನ ನೂರಕ್ಕೆ ಐದು ಫೋನು, ಮಾರನೇ ದಿನ ಮೂವತ್ತು, ನಾಲ್ಕನೇ ದಿನ ಎಲ್ಲ. ಯಾರೂ ಆರೂಕಾಲಿಗೆ ಫೋನ್ ಮಾಡಲಿಲ್ಲ. ಸಪೋರ್ಟ್‌ನವರಿಗೆ ನಾನೇ ಫೋನ್ ಮಾಡಿ ಕೇಳಿದೆ, "ಏನಾದರೂ ಬದಲಾದ ಹಾಗೆ ಅನಿಸ್ತಾ?" ಅಂತ. "ಯಾಕೆ, ಏನ್ ಮಾಡಿದ್ರಿ ಮತ್ತೆ?" ಅಂದರು ಗಾಬರಿಯಿಂದ.

ಎರಡು ತಿಂಗಳು ಬಿಟ್ಟು ಹಳೆಯ ವಿಳಾಸವನ್ನು ಮುಚ್ಚಲು ಹೊರಟಾಗ, ಅಲ್ಲಿಗೆ ಇನ್ನೂ ಒಂದು ಫೋನು ಬರುತ್ತಿರುವುದು ಕಂಡಿತು. ಮೂಲ: ಡೀಫಾಲ್ಟ್. ಕಾನ್ಫಿಗ್ ಆವೃತ್ತಿ: ಇಲ್ಲ. ಅದು ಹುಟ್ಟಿದಾಗಿನಿಂದ ನಮ್ಮ ಸಿಡಿಎನ್ ಅನ್ನು ಒಮ್ಮೆಯೂ ಮುಟ್ಟಿಲ್ಲ. ಅಲ್ಲಿಯ ನೆಟ್‌ವರ್ಕ್ ಆ ಡೊಮೈನನ್ನು ಬಿಡುತ್ತಿಲ್ಲವೋ ಏನೋ, ಕ್ಲೈಂಟ್ ಕಡೆಯವರು ಎರಡು ಸಲ ವಿಚಾರಿಸಿದರು. "ಆ್ಯಪ್ ಚೆನ್ನಾಗೇ ಇದೆಯಲ್ಲ, ಏನು ತೊಂದರೆ?" ಅಂತ ಕೇಂದ್ರದವರು ತಿರುಗಿ ಕೇಳಿದರಂತೆ. ಹಾಗಾಗಿ ಹಳೆಯ ವಿಳಾಸ ಇನ್ನೂ ತೆರೆದೇ ಇದೆ. 60 ನಿಮಿಷಕ್ಕೊಮ್ಮೆ ಅದರ ಹಾಲಿನ ಲೆಕ್ಕ ಬರುತ್ತದೆ.